ಮೂರು ಸೀಳು ಸೌದೆಯ ಲೆಕ್ಕ

ಆ ಹುಣ್ಣಿಮೆಯ ದಿನ ಮಧ್ಯಾಹ್ನದೊಳಗೆ ನಾನು ಮಾಡಿ ಮುಗಿಸಿದ್ದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ; ಆಮೇಲೆ ಯಾರೂ ನನ್ನನ್ನು ಕೆಲಸಗಳ್ಳಿ ಎನ್ನಬಾರದು. ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಿದೆ. ಅಷ್ಟನ್ನೂ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣಪುಟ್ಟ ಜೀವಗಳನ್ನು ಅದೇ ನೀರಿನಲ್ಲಿ ಜಾಲಿಸಿ ಮತ್ತೆ ಬಾವಿಗೇ ಇಳಿಬಿಟ್ಟೆ. ಕುಡಿಯುವ ನೀರು ಕುದಿಸಿ ಆರಲು ಇಟ್ಟೆ. ಎಮ್ಮೆ ಕರೆದೆ, ಮಜ್ಜಿಗೆ ಕಡೆದೆ. ಅಕ್ಕಿ ಆರಿಸಿದೆ, ಆರಿಸುವಾಗ ಸಿಕ್ಕ ಏಳು ಹುಳುಗಳನ್ನು ಗೆರಸಿಯ ಸಮೇತ ಹೊತ್ತೊಯ್ದು ಹಿತ್ತಿಲ ನೆರಳಿನಲ್ಲಿ ಬಿಟ್ಟು ಬಂದೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಕಂಬಳಿಗಳನ್ನು ಬಿಸಿಲಿಗೆ ಹಾಕಿ, ಎರಡು ಸಲ ಮಗುಚಿದೆ. ಇಷ್ಟರಲ್ಲಿ ಎಲ್ಲಿಯೂ ರಸಾಯನ ಶಾಸ್ತ್ರ ಇಲ್ಲವೆಂಬುದನ್ನು ಓದುವವರು ದಯವಿಟ್ಟು ಗಮನಿಸಬೇಕು. ಇಪ್ಪತ್ತಾರು ವರ್ಷ ನಾನು ಈ ಮನೆಯ ಒಲೆಯನ್ನು ರಸಾಯನ ಶಾಸ್ತ್ರದ ಸಹಾಯವಿಲ್ಲದೆ ಉರಿಸಿದ್ದೇನೆ. ಅನ್ನ ಬೆಂದಿದೆ, ಬೇಳೆ ಬೆಂದಿದೆ. ಒಂದು ದಿನವೂ ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಎಲೆ ಹಾಕಿದ್ದಿಲ್ಲ. ನಾವು ಜೈನರು, ಸೂರ್ಯ ಕಂತಿದ ಮೇಲೆ ನಮ್ಮ ಬಾಯಿಗೆ ಬೀಗ. ಹೊಸನಗರದ ಪೇಟೆಯಲ್ಲಿ ಉಳಿದವರು ದೀಪ ಹಚ್ಚಿ ಅಡುಗೆಗೆ ಅಕ್ಕಿ ತೊಳೆಯುವ ಹೊತ್ತಿಗೆ ನಮ್ಮ ಮನೆಯ ಪಾತ್ರೆಗಳು ಬೋರಲು ಬಿದ್ದಿರುತ್ತವೆ.

ಇಂಥ ಒಲೆಯ ಮೇಲೆ ಕಣ್ಣು ಹಾಕಿದವನು ನನ್ನ ಮೈದುನ ಶಾಂತಿರಾಜ. ತೀರ್ಥಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಇನ್ನೂ ಮದುವೆಯಾಗಿಲ್ಲ. ಆದ್ದರಿಂದ ರಜೆ ಬಂತೆಂದರೆ ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ಅಣ್ಣನ ಮನೆಗೆ ಬರುತ್ತಾನೆ. ಒಳ್ಳೆಯವನೇ. ಅವನ ಕೈಯಲ್ಲಿ ಪುಸ್ತಕ ಇಲ್ಲದಾಗ ಅವನಷ್ಟು ಒಳ್ಳೆಯ ಹುಡುಗ ಈ ಸೀಮೆಯಲ್ಲಿ ಇಲ್ಲ. ನವರಾತ್ರಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಯಲೆಂದು ಸುಟ್ಟ ಸುಣ್ಣದ ಹರಳು ತರಿಸಿದ್ದೆ. ಒಂದು ಭಾನುವಾರ ಬಂದವನು ಅದನ್ನು ಕಂಡು, ಬೆಂಕಿಯಿಲ್ಲದೆ ನೀರು ಕಾಯಿಸಿ ತೋರಿಸುತ್ತೇನೆಂದು ನನ್ನ ಉಪ್ಪಿನಕಾಯಿ ಜಾಡಿಗೆ ಹರಳು ತುಂಬಿ ನೀರು ಸುರಿದ. ನೀರು ಕೊತಕೊತ ಕುದಿದದ್ದು ನಿಜ. ಸುಣ್ಣ ನೀರಿನೊಡನೆ ಕೂಡುವಾಗ ಒಳಗಿದ್ದ ಬಿಸಿ ಹೊರಗೆ ಬರುತ್ತದೆ ಎಂದು ಅವನು ವಿವರಿಸುತ್ತಿದ್ದಂತೆಯೇ ಜಾಡಿ ನಡುವಿಗೆ ಸೀಳಿತು. ಅದು ನನ್ನ ತವರಿನಿಂದ ಬಂದ ಜಾಡಿ. ನಾನು ಚೂರುಗಳನ್ನು ಗುಡಿಸಿ ಹಿತ್ತಿಲಿಗೆ ಹಾಕಿ ಬಂದೆ. ನಾನು ತಾಳ್ಮೆಯ ಹೆಂಗಸು ಎಂದು ಎಲ್ಲರೂ ಹೇಳುತ್ತಾರೆ. ತಾಳ್ಮೆಯವರೆಂದು ಹೆಸರಾದವರಿಗೆ ಸಿಟ್ಟು ಬಂದರೆ ಅದನ್ನು ಇಡಲು ಜಾಗವಿರುವುದಿಲ್ಲ. ಆ ಕಷ್ಟ ಸಿಡುಕರಿಗೆ ಎಲ್ಲಿ ತಿಳಿಯಬೇಕು.

ದಸರೆಯ ರಜೆಯಲ್ಲಿ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಒಲೆಗೆ ಸೌದೆ ಇಡುವುದನ್ನೇ ನೋಡುತ್ತಿದ್ದ. ಮೊದಲ ದಿನ ಸುಮ್ಮನಿದ್ದ. ಎರಡನೆಯ ದಿನ ಎಣಿಸಿದ. ಮೂರನೆಯ ದಿನ, "ಅತ್ತಿಗೆ, ನೀವು ಅನ್ನ ಬೇಯಿಸ್ತಿಲ್ಲ, ಆಕಾಶಕ್ಕೆ ಶಾಖ ಕೊಡ್ತಿದೀರಿ" ಎಂದ. ಒಂದು ಹೊತ್ತಿನ ಅಡುಗೆಗೆ ಹತ್ತು ಹನ್ನೊಂದು ಸೀಳು ಬೇಕೇ ಬೇಕು ಎಂದರೆ ನಂಬುವುದಿಲ್ಲ. ಸೌದೆಯೊಳಗೆ ಎಷ್ಟು ಬಿಸಿ ಇದೆ ಎಂಬುದನ್ನು ಕೂತಲ್ಲೇ ಲೆಕ್ಕ ಹಾಕಿ ಹೇಳಬಹುದಂತೆ. ಸೌದೆ ಮುಟ್ಟಬೇಕಾಗಿಯೂ ಇಲ್ಲವಂತೆ. ಮುಟ್ಟಬೇಕಾಗಿಲ್ಲ ಎಂಬುದನ್ನು ಅವನು ಬಹಳ ಹೆಮ್ಮೆಯಿಂದ ಹೇಳಿದ. ಸೌದೆ ಮುಟ್ಟಿ ಚಕ್ಕೆ ಚುಚ್ಚಿಸಿಕೊಂಡ ಕೈ ನನ್ನದು.

ಆಮೇಲೆ ನೆಲದ ಮೇಲೆ ಪಾಠ ಶುರುವಾಯಿತು. ಸೌದೆಯ ಸಂಗತಿ ಜಟಿಲ, ಮೊದಲು ಸುಲಭದ್ದು ಕಲಿಯಿರಿ ಎಂದು ಜವುಗು ನೆಲದಲ್ಲಿ ಗುಳುಗುಳು ಏಳುವ ಗಾಳಿಯನ್ನು ಆರಿಸಿಕೊಂಡ. ಅದೂ ಉರಿಯುತ್ತದಂತೆ. ನಡುವೆ ಒಂದು ಹುಣಸೆಬೀಜ ಇಟ್ಟ. ಅದು ಇದ್ದಿಲಿನ ಕಣ. ಸುತ್ತ ನಾಲ್ಕು ಹೆಸರುಕಾಳು, ಅವು ಜಲಜನಕ. ಪೊರಕೆಯಿಂದ ಕಡ್ಡಿ ಮುರಿದು, ಬೀಜಕ್ಕೂ ಒಂದೊಂದು ಕಾಳಿಗೂ ನಡುವೆ ಒಂದೊಂದು ಕಡ್ಡಿ ಇಟ್ಟ; ಅವು ಬಂಧಗಳು. ಪಕ್ಕದಲ್ಲಿ ನಾಲ್ಕು ಅವರೆಕಾಳು, ಎರಡೆರಡರ ಜೋಡಿ, ಪ್ರತಿ ಜೋಡಿಗೂ ನಡುವೆ ಎರಡು ಕಡ್ಡಿ. ಅದು ನಾವು ಉಸಿರಾಡುವ ಆಮ್ಲಜನಕ. ಉರಿಯುವುದೆಂದರೆ ಈ ಕಡ್ಡಿಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸುವುದು, ಅಷ್ಟೇ. ಕೀಳುವುದಕ್ಕೆ ಬಿಸಿ ಕೊಡಬೇಕು. ಅದಕ್ಕೇ ಬೆಂಕಿಕಡ್ಡಿ ಗೀರುವುದು. ಹೊಸದಾಗಿ ಜೋಡಿಸಿಕೊಂಡಾಗ ಬಿಸಿ ಹೊರಗೆ ಬೀಳುತ್ತದೆ. ಕೊಟ್ಟದ್ದಕ್ಕಿಂತ ಬಂದದ್ದು ಎಷ್ಟು ಹೆಚ್ಚೋ ಅಷ್ಟು ನಮ್ಮ ಅನ್ನ ಬೇಯುವುದಕ್ಕೆ. ಹೀಗೆ ಹೇಳಿ ಅವನು ಕಾಳುಗಳನ್ನು ಸರಿಸಿದ. ಹುಣಸೆಬೀಜದ ಎರಡು ಪಕ್ಕಕ್ಕೂ ಒಂದೊಂದು ಅವರೆಕಾಳು, ಎರಡೆರಡು ಕಡ್ಡಿ. ಉಳಿದ ಒಂದೊಂದು ಅವರೆಕಾಳಿಗೆ ಎರಡೆರಡು ಹೆಸರುಕಾಳು, ಒಂದೊಂದು ಕಡ್ಡಿ. ಇದು ನೀರು, ಇದು ಹೊಗೆಗಾಳಿ, ಮುಗಿಯಿತು ಎಂದು ಕೈ ಒರೆಸಿಕೊಂಡ.

ನಾನು ಓದಿದ್ದು ನಾಲ್ಕನೆಯ ತರಗತಿ. ಆದರೆ ಪೊರಕೆ ನನ್ನದು, ಅದರ ಕಡ್ಡಿ ಎಣಿಸುವ ಹಕ್ಕೂ ನನ್ನದೇ. ಎಣಿಸಿದೆ. ಕಿತ್ತದ್ದು ಎಂಟು ಕಡ್ಡಿ. ಜೋಡಿಸಿದ್ದೂ ಎಂಟೇ. "ಶಾಂತು, ಎಂಟು ಹೋಯ್ತು, ಎಂಟು ಬಂತು. ನಿನ್ನ ಬಿಸಿ ಎಲ್ಲಿಂದ ಬಂತು?" ಎಂದೆ. ಅವನು ಕಡ್ಡಿಗಳನ್ನು ತಾನೂ ಒಮ್ಮೆ ಎಣಿಸಿದ. ತನ್ನ ಶಾಲೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ ಈ ಪ್ರಶ್ನೆ ಕೇಳಿಲ್ಲ ಎಂದ. ನಾನು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ಆದರೆ ಉತ್ತರ ಅವನ ಬಳಿ ಇತ್ತು. ಕಡ್ಡಿಗಳೆಲ್ಲ ಒಂದೇ ಬಿಗಿಯವಲ್ಲವಂತೆ. ಕೆಲವು ಸಡಿಲ ಗಂಟು, ಕೆಲವು ಬಿಗಿ ಗಂಟು. ಸಡಿಲವಾದ್ದನ್ನು ಬಿಚ್ಚಲು ಕೊಡುವುದು ಕಡಿಮೆ, ಬಿಗಿಯಾದ ಗಂಟು ಬೀಳುವಾಗ ಬರುವುದು ಹೆಚ್ಚು. ಯಾವ ಗಂಟು ಎಷ್ಟು ಬಿಗಿ ಎಂದು ಯಾರೋ ಪುಣ್ಯಾತ್ಮರು ಅಳೆದು ಪಟ್ಟಿ ಮಾಡಿ ಇಟ್ಟಿದ್ದಾರೆ. ಆ ಪಟ್ಟಿ ಅವನ ನೋಟುಬುಕ್ಕಿನಲ್ಲಿದೆ. ಒಪ್ಪಿದೆ. ಒಪ್ಪಿದ್ದಕ್ಕೆ ಇನ್ನೂ ಸಿಟ್ಟು ಬಂತು. ಸರಿಯಿರುವ ಮಾತನ್ನು ತಪ್ಪು ಮನುಷ್ಯ ಹೇಳಿದರೆ ಎಷ್ಟು ಉರಿಯುತ್ತದೆ ಎಂಬುದಕ್ಕೆ ಆ ನೋಟುಬುಕ್ಕಿನಲ್ಲಿ ಪಟ್ಟಿ ಇದ್ದ ಹಾಗಿರಲಿಲ್ಲ.

ಎರಡು ದಿನ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ. ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ನೀರು ಎಂದು ನನ್ನನ್ನು ಹದಿನೈದು ಸಲ ಕೇಳಿದ. ಒಲೆಯ ಗೋಡೆ ಕುಡಿಯುವ ಬಿಸಿ, ಹೊಗೆಯೊಡನೆ ಹೋಗುವ ಬಿಸಿ ಎಂದು ನಾಲ್ಕರಲ್ಲಿ ಮೂರು ಪಾಲು ಧಾರಾಳವಾಗಿ ಕಳೆದ. ಕೊನೆಗೆ ಬಂದ ತೀರ್ಪು: ಮೂರು ಸೀಳು ಸೌದೆ, ಒಂದು ಹಿಡಿ ಪುಳ್ಳೆ, ಮುಕ್ಕಾಲು ಗಂಟೆ. ಯಜಮಾನರು ಅಂಗಡಿಯಿಂದ ಬಂದವರು, ಜವಳಿ ಅಳೆಯುವವರಾದ್ದರಿಂದ ಅಳತೆಯ ವಿಷಯ ತಿಳಿದಿರಬಹುದೆಂದು ಅವರನ್ನು ಕೇಳಿದೆ. ಅವರು ನನ್ನ ಕಡೆ ನೋಡಿ ನೀನು ಹೇಳುವುದು ಸರಿ ಎಂದರು. ತಮ್ಮನ ಕಡೆ ತಿರುಗಿ ನೀನು ಹೇಳುವುದೂ ಸರಿ ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅವರ ಅಂಗಡಿ ಚೆನ್ನಾಗಿ ನಡೆಯುವುದು ಇದರಿಂದಲೇ.

ಇದು ಇಲ್ಲಿಗೆ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ನಡುವೆ ನಮ್ಮ ಅತ್ತೆ ಬಂದರು. ಅತ್ತೆಗೆ ಎಪ್ಪತ್ತು ದಾಟಿದೆ. ಮೈ ಒಣಗಿದ ಬಾಳೆನಾರಿನಷ್ಟು, ಮನಸ್ಸು ಗರುಡಗಂಬದಷ್ಟು. ಅವರಿಗೆ ನೇಮ ಹಿಡಿಯುವ ಅಭ್ಯಾಸ. ಒಂದು ತಿಂಗಳು ತುಪ್ಪ ಬಿಡುವುದು, ಒಂದು ಪಕ್ಷ ಉಪ್ಪು ಬಿಡುವುದು, ಬಾಗಿಲಿಗೆ ಕರು ಬಂದ ದಿನ ಮಾತ್ರ ಹಾಲು ಕುಡಿಯುವುದು. ಹೀಗೆ ತಮಗೆ ತಾವೇ ಒಂದು ಷರತ್ತು ಹಾಕಿಕೊಂಡರೆ ಅದು ನಡೆಯದ ಹೊರತು ಊಟ ಇಲ್ಲ. ಅದನ್ನು ಬಿಡಿಸುವವರು ಹುಟ್ಟಿಲ್ಲ. ಶಾಂತಿರಾಜ ಅವರ ಮುಂದೆ ಹೋಗಿ ಕುಳಿತು, ಸೌದೆಯೊಳಗೆ ಎಷ್ಟೊಂದು ಇರುವೆ, ಗೆದ್ದಲು, ಹುಳು ಇರುತ್ತವೆ, ಹನ್ನೊಂದು ಸೀಳು ಉರಿಸುವಲ್ಲಿ ಮೂರು ಉರಿಸಿದರೆ ಎಷ್ಟು ಜೀವ ಉಳಿಯಿತು ಎಂದು ಕೇಳಿದ. ಕಡ್ಡಿ, ಕಾಳು, ಗಂಟು ಯಾವುದನ್ನೂ ಹೇಳಲಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಸೀಳನ್ನೂ ತಟ್ಟಿ, ಕೊಡವಿ, ನವಿಲುಗರಿಯಿಂದ ಸವರಿ ಒಲೆಗಿಟ್ಟ ನನ್ನನ್ನು ಅಷ್ಟು ಹೊತ್ತಿಗೆ ಅವನು ಕೊಲೆಗಾತಿಯನ್ನಾಗಿ ಮಾಡಿದ್ದ. ಅತ್ತೆ ಎಲ್ಲ ಕೇಳಿ, "ಶಾಂತು ಹೇಳೋದು ಧರ್ಮವೇ ಅಲ್ವಾ ಸರಸು" ಎಂದರು.

ಚತುರ್ದಶಿಯ ದಿನ ಅತ್ತೆಗೆ ಉಪವಾಸ. ಅದೇ ಸಂಜೆ ಶಾಂತಿರಾಜ ತಕ್ಕಡಿ ತಂದು ಮೂರು ಸೀಳು ತೂಗಿ, ಸುಣ್ಣದಲ್ಲಿ ಗುರುತು ಮಾಡಿ ಅತ್ತೆಯ ಮುಂದೆ ಇಟ್ಟ. ಅತ್ತೆ ಅವನ್ನು ನೋಡಿ, ಕೈಮುಗಿದು, ನಾಳೆ ಹುಣ್ಣಿಮೆ, ಹೊಂಬುಜದ ಬಸದಿಗೆ ಹೋಗಿ ಅಮ್ಮನವರ ದರ್ಶನ ಮಾಡಿಕೊಂಡು ಬರುತ್ತೇನೆ, ಬಂದ ಮೇಲೆ ಈ ಮೂರು ಸೀಳಿನಲ್ಲಿ ಬೆಂದದ್ದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ನೇಮ ಹಿಡಿದೇಬಿಟ್ಟರು. ಶಾಂತಿರಾಜನ ಮುಖ ಆಗ ಸ್ವಲ್ಪ ಬಿಳುಪಾಯಿತು. ಅಲ್ಲಿಯವರೆಗೆ ಅದು ಲೆಕ್ಕವಾಗಿತ್ತು. ಈಗ ಅದರ ಮೇಲೆ ಎಪ್ಪತ್ತು ವರ್ಷದ ಹೊಟ್ಟೆಯೊಂದು ಕುಳಿತಿತ್ತು. ಹುಣ್ಣಿಮೆಯ ಸೂರ್ಯ ಮುಳುಗುವುದರೊಳಗೆ ಅನ್ನ ಬೇಯದಿದ್ದರೆ ಅತ್ತೆಗೆ ಎರಡನೆಯ ದಿನವೂ ಉಪವಾಸ, ಮಾರನೆಯ ಬೆಳಗಿನವರೆಗೆ ತೊಟ್ಟು ನೀರೂ ಇಲ್ಲ.

ಬೆಳಿಗ್ಗೆ ಅತ್ತೆ ಖಾಲಿ ಹೊಟ್ಟೆಯಲ್ಲೇ ಹೊರಟರು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಆ ಬಸ್ಸು ಏರು ಬಂದಲ್ಲಿ ನಿಟ್ಟುಸಿರು ಬಿಡುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು. ಇಳಿಜಾರಿನಲ್ಲಿ ಮತ್ತೆ ಹತ್ತುತ್ತಿದ್ದರು. ಮೂರು ಗಂಟೆಗೆ ಬರಬೇಕಾದ್ದು ಮೂರಕ್ಕೆ ಬರಲಿಲ್ಲ, ನಾಲ್ಕಕ್ಕೂ ಬರಲಿಲ್ಲ. ಮೊದಲೇ ಅಡುಗೆ ಮಾಡಿ ಇಡುವ ಹಾಗಿಲ್ಲ. ಮೂರು ಸೀಳು ಉರಿದರೆ ಮುಗಿಯಿತು, ಆರಿದ್ದನ್ನು ಬಿಸಿ ಮಾಡಲು ನಾಲ್ಕನೆಯದಿಲ್ಲ. ಶಾಂತಿರಾಜ ರಸ್ತೆಯ ತುದಿಗೂ ಅಡುಗೆಮನೆಗೂ ಓಡಾಡಿ, ಬಸ್ಸಿನ ಇದ್ದಿಲು ಪೂರ್ತಿ ಉರಿಯದೆ ಅರ್ಧ ಬಿಸಿಯನ್ನು ಹೊಗೆಯಲ್ಲೇ ಉಳಿಸಿಕೊಂಡಿರುತ್ತದೆ ಎಂದು ನನಗೆ ವಿವರಿಸಿದ. ನಿನ್ನ ತಾಯಿಯೂ ಬಸ್ಸಿನಲ್ಲೇ ಉಳಿದುಕೊಂಡಿದ್ದಾರೆ, ಅದಕ್ಕೇನು ಮಾಡುತ್ತೀ ಎಂದು ಕೇಳಿದೆ. ಬಸ್ಸು ಬಂದಾಗ ಐದು ಗಂಟೆ. ಅತ್ತೆ ಇಳಿದು, ಕಾಲು ತೊಳೆದು, ಕಂಬಕ್ಕೆ ಒರಗಿ ಕೂತರು. ಅವರು ಏನಾದರೂ ಕೇಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಮ್ಮ ಅಡುಗೆಮನೆಗೆ ಪಶ್ಚಿಮದ ಕಡೆ ಒಂದು ಕಿಂಡಿ ಇದೆ. ಇಳಿಹೊತ್ತಿನ ಬಿಸಿಲು ಅದರಿಂದ ಬಂದು ಎದುರು ಗೋಡೆಯ ಮೇಲೆ ಬೀಳುತ್ತದೆ. ಸೂರ್ಯ ಇಳಿದಂತೆ ಅದು ಗೋಡೆಯ ಮೇಲೆ ಏರುತ್ತದೆ: ಮೊದಲು ಒರಳುಕಲ್ಲಿನ ಎತ್ತರ, ಆಮೇಲೆ ಉಪ್ಪಿನ ಮರಿಗೆ, ಆಮೇಲೆ ಸೌಟು ನೇತುಹಾಕುವ ಮೊಳೆ. ತೊಲೆ ಮುಟ್ಟಿತೆಂದರೆ ಕೈ ತೊಳೆದಿರಬೇಕು. ಒಲೆ ಹಚ್ಚಿದಾಗ ಬಿಸಿಲು ಒರಳುಕಲ್ಲಿನ ಮೇಲಿತ್ತು. ಪುಳ್ಳೆ ಚೆನ್ನಾಗಿಯೇ ಹತ್ತಿತು. ಸೀಳುಗಳು ಹತ್ತಲಿಲ್ಲ. ಹೊಗೆ ಬಂತು. ಶಾಂತಿರಾಜ ಊದುಗೊಳವೆ ಹಿಡಿದು ಊದಿದ. ಕಣ್ಣಲ್ಲಿ ಧಾರೆಧಾರೆ ನೀರು. ಬೇಳೆಯ ಆಸೆ ಬಿಟ್ಟು ಬರೀ ಅಕ್ಕಿಯ ತಪ್ಪಲೆ ಒಂದನ್ನೇ ಇಟ್ಟೆ. ಬಿಸಿಲು ಉಪ್ಪಿನ ಮರಿಗೆಗೆ ಬಂತು. ಸೀಳಿನ ತುದಿಯಲ್ಲಿ ಸುಯ್ ಎಂದು ಬಿಳಿ ನೊರೆ ಬರತೊಡಗಿತು. "ಅತ್ತಿಗೆ, ಇದೆಂತ ನೊರೆ?" ಎಂದ. "ಸೌದೆ ಅಂದ್ಮೇಲೆ ನೊರೆ ಬರತ್ತಪ್ಪ. ನೀನು ಯಾವತ್ತು ಒಲೆ ಮುಂದೆ ಕೂತಿದೀಯ" ಎಂದೆ.

ಇಲ್ಲಿ ನಾನು ಒಂದು ಸಂಗತಿಯನ್ನು ಹೇಳದೆ ದಾಟಿಸಿಕೊಂಡು ಬಂದಿದ್ದೇನೆ. ಆ ಮೂರು ಸೀಳು ತೂಗಿಟ್ಟ ಸಂಜೆ, ಅವುಗಳಲ್ಲೊಂದರ ಬಿರುಕಿನೊಳಗೆ ಕೆಂಪಿರುವೆಯ ಸಾಲು ಕಂಡಿತ್ತು. ಉಳಿದ ಸೌದೆಯಾಗಿದ್ದರೆ ಬದಲಾಯಿಸುತ್ತಿದ್ದೆ. ಇವು ತೂಕದ ಸೌದೆ, ನೇಮದ ಸೌದೆ, ಬದಲಾಯಿಸುವ ಹಾಗಿಲ್ಲ. ಎಷ್ಟು ಕೊಡವಿದರೂ ಒಳಗಿನವು ಬರಲಿಲ್ಲ. ತಾವಾಗಿ ಇಳಿದು ಹೋಗಲಿ ಎಂದು ಮೂರನ್ನೂ ಹಿತ್ತಿಲ ಗೋಡೆಯ ಮೇಲೆ ಬಿಡಿಯಾಗಿ ಇಟ್ಟು ಬಂದೆ. ಒಲೆಯಲ್ಲಿ ಜೀವ ಸುಡುತ್ತೇನೆಂದು ನನಗೇ ಉಪದೇಶ ಮಾಡಿದವರ ಮನೆಯಲ್ಲಿ ಇಷ್ಟು ಮಾಡದೆ ಇರುವುದು ಹೇಗೆ? ರಾತ್ರಿ ಎರಡು ಸಲ ಮಳೆ ಹೊಡೆಯಿತು. ಕೇಳಿಸಿತು. ಸೌದೆಯ ನೆನಪೂ ಬಂತು. ಮಗ್ಗುಲಾದೆ. ಬೆಳಿಗ್ಗೆ ಶಾಂತಿರಾಜ ಏಳುವುದರೊಳಗೆ ತಂದು, ಸೆರಗಿನಿಂದ ಒರೆಸಿ, ಒಲೆಯ ಪಕ್ಕಕ್ಕೆ ಒರಗಿಸಿದೆ. ಮೇಲೆ ಒಣಗಿದ ಹಾಗೆಯೇ ಕಾಣುತ್ತಿತ್ತು. ಹೇಗೂ ಮೂರು ಸೀಳಿನಲ್ಲಿ ಬೇಯುವುದಿಲ್ಲ, ಒಣಗಿದ್ದರೇನು ನೆನೆದಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಳುವುದಾದರೆ ಪೂರ್ತಿ ಹೇಳಬೇಕು: ಅವನ ಲೆಕ್ಕ ತಪ್ಪಬೇಕೆಂದು ನನಗೆ ಆಸೆಯಿತ್ತು. ಅತ್ತೆ ಹಸಿದಿರಬೇಕೆಂದು ಇರಲಿಲ್ಲ. ಈ ಎರಡೂ ಒಂದೇ ಒಲೆಯ ಮೇಲಿವೆ ಎಂಬುದು ಬಿಸಿಲು ಸೌಟಿನ ಮೊಳೆಗೆ ಏರಿದಾಗ ನನಗೆ ಹೊಳೆಯಿತು.

ಆಗ ಶಾಂತಿರಾಜನ ಕೈಯಿಂದ ಊದುಗೊಳವೆ ಕಿತ್ತುಕೊಂಡು ನಾನೇ ಕೂತೆ. ಮೂರನ್ನೂ ತಲೆಗೆ ತಲೆ ತಾಗಿಸಿ, ಕೆಳಗೆ ಗಾಳಿಗೆ ದಾರಿ ಬಿಟ್ಟು, ಊದಿದ ಊದು ನನ್ನ ಮಾವನ ಕಾಲದಿಂದ ಆ ಒಲೆ ಕಂಡಿರಲಿಕ್ಕಿಲ್ಲ. ನೀರು ಕುದಿಯಿತು. ಅಕ್ಕಿ ಮೇಲೆ ಕೆಳಗೆ ಹೊರಳಿತು. ಅಷ್ಟರಲ್ಲಿ ಸೀಳುಗಳು ಕರಿ ಕೊಳ್ಳಿಯಾಗಿ ಸೋತವು. ಬಿಸಿಲಿಗೂ ತೊಲೆಗೂ ನಡುವೆ ನಾಲ್ಕು ಬೆರಳು ಉಳಿದಿತ್ತು. ಸೌಟು ಹಾಕಿ ಅಗುಳು ಹಿಚುಕಿದೆ, ನಡುವೆ ಗಟ್ಟಿ. ಅನ್ನವೆಂದು ಕರೆಯುವಂತಿಲ್ಲ, ಅಕ್ಕಿಯೆಂದೂ ಕರೆಯುವಂತಿಲ್ಲ. ಶಾಂತಿರಾಜ ಗೋಡೆಗೆ ತಲೆ ಒರಗಿಸಿ ನಿಂತುಬಿಟ್ಟ. "ಅಮ್ಮಾ, ನನ್ನ ತಪ್ಪು. ನೇಮ ಬಿಟ್ಟು ಏನಾದ್ರೂ ತಗೊಳಿ" ಎಂದ.

ಅತ್ತೆ ಎದ್ದು ಬಂದು ತಪ್ಪಲೆಯೊಳಗೆ ಇಣುಕಿದರು. ಗಂಜಿ ತಿಳಿ ಬಸಿದು ಕೊಡು ಎಂದರು. ಅದೂ ಈ ಮೂರು ಸೀಳಿನಲ್ಲೇ ಬೆಂದದ್ದು ತಾನೇ, ನೇಮಕ್ಕೆ ಭಂಗವಿಲ್ಲ ಎಂದರು. ಬಟ್ಟಲಿಗೆ ಬಸಿದು, ಉಪ್ಪು ಹಾಕಿ, ತಳದಲ್ಲಿ ಸ್ವಲ್ಪ ಮೆತ್ತಗಾಗಿದ್ದ ಅಗುಳನ್ನು ಸೇರಿಸಿ ಕೊಟ್ಟೆ. ಎರಡು ದಿನದ ಹೊಟ್ಟೆಗೆ ಅದನ್ನು ಅವಸರವಿಲ್ಲದೆ, ಊದಿ ಊದಿ ಕುಡಿದರು. ಬಿಸಿಲು ತೊಲೆ ಮುಟ್ಟುವಾಗ ಬಟ್ಟಲು ಬರಿದಾಗಿತ್ತು. ಮಗನಿಗೆ, ಬಿಸಿ ಚೆನ್ನಾಗಿತ್ತು, ನಿನ್ನ ಪುಸ್ತಕ ಸುಳ್ಳಲ್ಲ, ಹೋಗು ಮುಖ ತೊಳೆ ಎಂದು ಕಳಿಸಿದರು. ಅವನು ಹೋದ ಮೇಲೆ ಬಟ್ಟಲನ್ನು ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಕೇಳಿದರು.

"ಇರುವೆ ಎಲ್ಲಾ ಇಳಿದು ಹೋಗಿದ್ವಾ ಸರಸು?"

ನಾನು ಬಟ್ಟಲನ್ನು ಸೆರಗಿನಿಂದ ಒರೆಸತೊಡಗಿದೆ.

"ನಿನ್ನೆ ಸಂಜೆ ನೀನು ಇರುವೆ ಕೊಡವೋದು ನೋಡಿದ್ದೆ. ಬೆಳಿಗ್ಗೆ ಹೂ ಕೊಯ್ಯೋಕ್ ಹೋದಾಗ ಕಂಡೆ. ಗೋಡೆ ಮೇಲೆ ಮೂರೂ ನೀರು ಕುಡ್ಕಂಡು ಕೂತಿದ್ವು."

"ಹಂಗಿದ್ರೆ ಹೇಳ್ಬಾರ್ದಿತ್ತಾ ಅತ್ತೆ?"

"ನೀನೇ ಹೇಳ್ತೀಯ ಅಂತ ಕಾದೆ" ಎಂದರು. ಜಪದ ಮಣಿ ಹುಡುಕಿಕೊಂಡು ಒಳಗೆ ಹೋದರು.

ಜಗಲಿಯಲ್ಲಿ ಶಾಂತಿರಾಜ ಮುಖ ತೊಳೆದವನೇ ನೋಟುಬುಕ್ಕು ಬಿಚ್ಚಿ ಕೂತಿದ್ದ. ಎಲ್ಲಿ ತಪ್ಪಿತು ಎಂದು ಮೊದಲಿನಿಂದ ಒಂದೊಂದೇ ಗಂಟನ್ನು ಬಿಚ್ಚಿ ನೋಡುತ್ತಿದ್ದ. ಪಟ್ಟಿ ಮಾಡಿದ ಪುಣ್ಯಾತ್ಮರದೇ ತಪ್ಪಿರಬಹುದು ಎಂಬಲ್ಲಿಯವರೆಗೆ ಬಂದಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತು, ಆ ಲೆಕ್ಕದಲ್ಲಿ ಸೌದೆಯೊಳಗಿನ ನೀರನ್ನು ಎಷ್ಟು ಹಿಡಿದಿದ್ದೆ ಎಂದು ಕೇಳಿದೆ. ಒಣ ಸೌದೆ ಎಂದು ಹಿಡಿದಿದ್ದೆ, ಯಾಕೆ ಎಂದ. "ಸ್ವಲ್ಪ ಜಾಸ್ತಿ ಹಿಡಿ" ಎಂದೆ. ಎಷ್ಟು ಎಂದು ಕೇಳಿದ. "ಒಂದು ರಾತ್ರಿ ಮಳೆಯಷ್ಟು" ಎಂದು ಹೇಳಿ, ಅವನು ತಲೆ ಎತ್ತುವುದರೊಳಗೆ ಒಳಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಜಗಲಿಯಿಂದ, ಸರಿಹೋಯಿತು, ನೀರು ಆವಿಯಾಗುವುದಕ್ಕೇ ಅಷ್ಟು ಹೋಗಿದೆ, ಲೆಕ್ಕ ಸರಿಯಾಗೇ ಇದೆ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವುದು ಕೇಳಿಸಿತು. ನನ್ನ ಮೇಲೆ ರೇಗಲೂ ಇಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಆ ದಿನ ಅತ್ತೆ ಉಂಡದ್ದು ಒಂದು ಬಟ್ಟಲು ಗಂಜಿ. ಯಜಮಾನರು ಹೊತ್ತಿಗೆ ಸರಿಯಾಗಿ ಬಂದು, ಬೆಳಗಿನ ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು, ಮನೆಯಲ್ಲಿ ಏನು ನಡೆದಿದೆ ಎಂದು ಕೇಳದೆ ಉಂಡು ಹೋಗಿದ್ದರು. ಶಾಂತಿರಾಜ ರಸ್ತೆಗೂ ಮನೆಗೂ ಓಡಾಡುವಾಗ ಎರಡು ಬಾಳೆಹಣ್ಣು ತಿಂದಿದ್ದನಂತೆ. ನನಗೆ ಊದುವ ಭರದಲ್ಲಿ ತಿನ್ನಬೇಕೆಂಬ ನೆನಪೇ ಬರಲಿಲ್ಲ. ನೆನಪು ಬಂದಾಗ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಮೊದಲು ಮಲಗಿದವರು ಅತ್ತೆ, ಮಲಗಿದ ಕೂಡಲೇ ನಿದ್ದೆ. ಲೆಕ್ಕ ಸರಿಹೋದ ಖುಷಿಯಲ್ಲಿ ಶಾಂತಿರಾಜ ಅವರ ಹಿಂದೆಯೇ. ನಾನು ಹಿತ್ತಿಲ ಗೋಡೆಯ ಮೇಲೆ ಏನೂ ಬಿಟ್ಟಿಲ್ಲವಷ್ಟೇ ಎಂದು ಕೈಯಾಡಿಸಿ ನೋಡಿ, ಸೌದೆ ಕೊಟ್ಟಿಗೆಯ ಬಾಗಿಲು ಹಾಕಿ, ಎಲ್ಲರಿಗಿಂತ ಕೊನೆಗೆ ಮಲಗಿದೆ.